ಗುರುವಾರ ನಿಂತ ಒನಕೆ

ಹಾಸ್ಟೆಲ್, ಮಳವಳ್ಳಿ
18 ಜನವರಿ 2026, ಭಾನುವಾರ

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ. ನನಗೇನೂ ಆಗಿಲ್ಲ, ಯಾರ ಜೊತೆಯೂ ಜಗಳ ಮಾಡಿಲ್ಲ, ಹಾಸ್ಟೆಲ್ಲಿನಿಂದ ಓಡಿ ಬರುವ ಯೋಚನೆಯೂ ಇಲ್ಲ. ಇದು ನನ್ನ ಸೈನ್ಸ್ ಮಾರ್ಕಿನ ವಿಷಯ.

ಶೋಭಾರಾಣಿ ಮಿಸ್ ನಮ್ಮ ಒಂಬತ್ತನೇ ಕ್ಲಾಸಿಗೆ ಹೊಸದೊಂದು ತಲೆನೋವು ತಂದಿಟ್ಟಿದ್ದಾರೆ. ಕ್ಲಾಸಿನಲ್ಲಿ ಮಾಡಿದ ಪ್ರಯೋಗವನ್ನು, ಓದು ನಿಲ್ಲಿಸಿದ ಯಾರಿಗಾದರೂ ನಾವು ಕಾಗದದಲ್ಲಿ ಬರೆದು ತಿಳಿಸಬೇಕು. ಅವರು ಮನೆಯಲ್ಲಿ ಅದನ್ನು ಮಾಡಿ ನೋಡಿ ಉತ್ತರ ಬರೆಯಬೇಕು. ಉತ್ತರ ಬಂದರೇ ಮಾರ್ಕು. "ಪುಸ್ತಕದಲ್ಲಿರೋದನ್ನ ಬರೆದು ಕಳಿಸಿದ್ರೆ ಸೊನ್ನೆ. ಕಣ್ಣಿಗೆ ಕಂಡದ್ದನ್ನ ಬರೀಬೇಕು, ತಪ್ಪಾಗಿ ಕಂಡಿದ್ರೂ ಪರವಾಗಿಲ್ಲ" ಅಂದಿದ್ದಾರೆ. ನಮ್ಮ ಕ್ಲಾಸಿನ ಸಂತೋಷ್ ತನ್ನ ಅಜ್ಜನಿಗೆ ಬರೆಯುತ್ತಿದ್ದಾನೆ. ನಾನು ನಿನ್ನನ್ನು ಹಿಡಿದುಕೊಂಡೆ. ಪಿಯುಸಿ ಸೈನ್ಸನ್ನು ಅರ್ಧಕ್ಕೆ ಬಿಟ್ಟು ಮದುವೆಯಾದವಳು ನಮ್ಮ ಮನೆಯಲ್ಲಿ ನೀನೊಬ್ಬಳೇ. ಹೇಗೂ ಭಾನುವಾರದ ಫೋನಿನಲ್ಲಿ ಏನೂ ಮಾತಾಡಲಾಗುವುದಿಲ್ಲ. ನನ್ನ ಹಿಂದೆ ಕ್ಯೂ ನಿಂತಿರುತ್ತದೆ, ನಿನ್ನ ಪಕ್ಕದಲ್ಲಿ ನಿಮ್ಮತ್ತೆ ನಿಂತಿರುತ್ತಾರೆ. ನೀನು ಚೆನ್ನಾಗಿದ್ದೀನಿ ಅನ್ನುತ್ತೀಯ, ನಾನೂ ಚೆನ್ನಾಗಿದ್ದೀನಿ ಅನ್ನುತ್ತೇನೆ, ವಾರ್ಡನ್ ಸಾಕು ಅನ್ನುತ್ತಾರೆ.

ಮೊದಲ ಪ್ರಯೋಗ ಇದು. ಹಿತ್ತಾಳೆ ತಟ್ಟೆಯಲ್ಲಿ ಒಂದಿಷ್ಟು ನೀರು ಹಾಕು. ಒನಕೆಯನ್ನು ಅದರೊಳಗೆ ನೆಟ್ಟಗೆ ಹಿಡಿದುಕೊ. ಬೆರಳ ತುದಿಯಲ್ಲಿ ಅತ್ತಿತ್ತ ಸರಿಸುತ್ತಾ ಹೋದರೆ, ಯಾವ ಕಡೆಗೂ ಎಳೆಯದ ಒಂದು ಜಾಗ ಸಿಗುತ್ತದೆ. ಅಲ್ಲಿ ಮೆಲ್ಲಗೆ ಕೈ ಬಿಡು, ನಿಲ್ಲುತ್ತದೆ. ಒನಕೆಯ ಗುರುತ್ವ ಕೇಂದ್ರ ಅದರ ತಳದ ನೇರಕ್ಕೆ ಬಂದರೆ ಸಾಕು. ಗ್ರಹಣ ಹಿಡಿದಾಗ ಮಾತ್ರ ಒನಕೆ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂದು ಊರಲ್ಲೆಲ್ಲ ಹೇಳುತ್ತಾರಲ್ಲ, ನಾವು ಮೊನ್ನೆ ಲ್ಯಾಬಿನಲ್ಲಿ ಊಟದ ಬೆಲ್ಲಿಗೆ ಮುಂಚೆ ಮೂರು ಒನಕೆ ನಿಲ್ಲಿಸಿದೆವು.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ದೀಪಾವಳಿಯ ಮಾರನೇ ದಿನ ಹಲಗೂರಿನ ನಮ್ಮ ಮಹಡಿಯ ಮೇಲೆ ನಿನಗೆ ಸೂರ್ಯಗ್ರಹಣ ತೋರಿಸಿದ್ದೆ, ನೆನಪಿದೆಯಾ? ರಟ್ಟಿನ ತೂತಿನಿಂದ ಗೋಡೆಯ ಮೇಲೆ ಸೂರ್ಯನನ್ನು ಬೀಳಿಸಿದ್ದೆ. ಅದೇ ನನ್ನ ಮೊದಲ ಪ್ರಯೋಗ. ಮಿಸ್ಸಿಗೆ ಹೇಳಿದರೆ ಬೆನ್ನು ತಟ್ಟಿದರು. ಬೇಗ ಉತ್ತರ ಬರಿ. ಹೊಟ್ಟೆಯೊಳಗಿನವರನ್ನೂ ಕೇಳಿದೆ ಎಂದು ಹೇಳು.

ಗಗನ


ಆತಗೂರು
25 ಜನವರಿ 2026

ಗಗನಾ,

ನಿನ್ನ ಕಾಗದ ಬುಧವಾರ ಸಿಕ್ಕಿತು. ಗುರುವಾರ ಮಾಡಿ ನೋಡಿದೆ.

ಏಳು ತಿಂಗಳ ಹೊಟ್ಟೆ ಇಟ್ಟುಕೊಂಡು ಹಿತ್ತಲಲ್ಲಿ ಒನಕೆ ತಬ್ಬಿ ನಿಂತಿದ್ದವಳನ್ನು ನೋಡಿ ಪಕ್ಕದ ಮನೆಯ ನಾಯಿಯೂ ಒಂದು ಗಳಿಗೆ ನಿಂತು ಹೋಯಿತು. ಮೊದಲ ನಾಲ್ಕು ಸಲ ಬಿತ್ತು. ಆಮೇಲೆ ನೀನು ಹೇಳಿದ ಆ ಎಳೆಯದ ಜಾಗ ಸಿಕ್ಕಿತು. ಕೈ ಬಿಟ್ಟೆ, ನಿಂತಿತು. ಎಷ್ಟೋ ವರ್ಷದ ಮೇಲೆ ಲ್ಯಾಬಿನಲ್ಲಿ ನಿಂತ ಹಾಗಾಯಿತು. ನನ್ನಷ್ಟಕ್ಕೇ ಚಪ್ಪಾಳೆ ಹೊಡೆದುಬಿಟ್ಟೆ.

ಚಪ್ಪಾಳೆ ಕೇಳಿ ಅತ್ತೆ ಕೊಟ್ಟಿಗೆಯಿಂದ ಬಂದರು. ನಿಂತ ಒನಕೆಯನ್ನು ನೋಡಿ, ಮೇಲೆ ಆಕಾಶವನ್ನು ನೋಡಿದರು.

"ಇವತ್ತು ಗ್ರಾಣ ಇಲ್ವಲ್ಲಾ. ಇದ್ಯಾಕಮ್ಮಿ ನಿಂತ್ಕತು?"

ಯಾವ ದಿನ ಬೇಕಾದರೂ ನಿಲ್ಲುತ್ತದೆ, ಭಾರದ ಲೆಕ್ಕ ಅಷ್ಟೇ ಎಂದು ನಿನ್ನ ಪಾಠ ಒಪ್ಪಿಸಿದೆ. "ತಾ ಇಲ್ಲಿ" ಎಂದು ಅವರೇ ಹಿಡಿದರು. ಅವರಿಗೆ ಸಮಾಧಾನ ಕಡಿಮೆ. ಹಿಡಿದ ಕೂಡಲೇ ಬಿಟ್ಟರು, ಬಿತ್ತು. ಮತ್ತೆ ಬಿಟ್ಟರು, ಬಿತ್ತು. ಆಮೇಲೆ ಬಹಳ ಹೊತ್ತು ನನ್ನ ಹೊಟ್ಟೆಯನ್ನೇ ನೋಡಿದರು.

"ನನ್ನ ಕೈಲಿ ನಿಲ್ನಿಲ್ಲ, ನಿನ್ನ ಕೈಲಿ ನಿಂತ್ಕತು. ಒರಗಡೆ ಗ್ರಾಣ ಇಲ್ದಿದ್ರೂ ನಿನ್ನೊಳಗೇ ಕುಂತದೆ ಬುಡವ್ವ."

ನೀನು ನಿಲ್ಲಿಸಬೇಕೆಂದಿದ್ದ ಮಾತು ಇಲ್ಲಿ ಹೀಗೆ ನಿಂತಿದೆ. ನಿನ್ನ ಮಿಸ್ಸಿಗೆ ಇದನ್ನೂ ಹೇಳು. ಮಾರ್ಕು ಕಡಿಮೆ ಮಾಡಿದರೆ ನಾನು ಜವಾಬ್ದಾರಳಲ್ಲ.

ಇನ್ನೊಂದು ವಿಷಯ. ಹಳೆಯ ಗ್ರಹಣದ ಮಾತನ್ನು ಕಾಗದದಲ್ಲಿ ಬರೆಯಬೇಡ. ಇಲ್ಲಿ ಬಂದ ಕಾಗದವನ್ನು ನಿಮ್ಮ ಭಾವ ಗಟ್ಟಿಯಾಗಿ ಓದುತ್ತಾರೆ, ಅತ್ತೆಗೆ ಓದಲು ಬರುವುದಿಲ್ಲ. ಬರೆಯಬೇಡ ಅಷ್ಟೇ. ಯಾಕೆ ಎಂದು ಕೇಳಬೇಡ.

ಅರ್ಪಿತ


ಹಾಸ್ಟೆಲ್, ಮಳವಳ್ಳಿ
1 ಫೆಬ್ರವರಿ 2026

ಅಕ್ಕಾ,

ನಿನ್ನ ಕಾಗದವನ್ನು ಮಿಸ್ ಕ್ಲಾಸಿನಲ್ಲಿ ಓದಿಸಿದರು. ನಾಯಿಯ ಸಾಲು ಬಂದಾಗ ಎಲ್ಲರೂ ಬೆಂಚು ಬಡಿದು ನಕ್ಕರು. ನಿಮ್ಮತ್ತೆಯ ಮಾತು ಬಂದಾಗ ಇನ್ನೂ ಜೋರಾಗಿ ನಕ್ಕರು. ಮಿಸ್ ಮಾತ್ರ, "ನಗಬೇಡಿ, ಆ ಯಮ್ಮ ಮಾಡಿ ನೋಡಿದ್ರಲ್ಲ, ನಿಮ್ಮಲ್ಲಿ ಎಷ್ಟು ಜನ ಮಾಡಿ ನೋಡಿದೀರಿ?" ಎಂದು ನಮ್ಮ ಬಾಯಿ ಮುಚ್ಚಿಸಿದರು. ನಿನಗೆ ಹತ್ತಕ್ಕೆ ಹತ್ತು.

ಆದರೆ ನೀನು ಯಾಕೆ ಹೀಗೆ ಹೆದರಿ ಸಾಯುತ್ತೀಯ? ಪಿಯುಸಿಯಲ್ಲಿ ಫಿಸಿಕ್ಸ್ ಲೆಕ್ಚರರಿಗೇ ಎದುರು ಮಾತಾಡಿದವಳು ನೀನು. ಈಗ ಅತ್ತೆ ಕೇಳಿಸಿಕೊಂಡಾರು ಎಂದು ಗ್ರಹಣ ಎನ್ನುವ ಪದವನ್ನೇ ನುಂಗುತ್ತೀಯ. ನನಗೆ ಸಿಟ್ಟು ಬಂತು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಭಾವ ಗಟ್ಟಿಯಾಗಿ ಓದಿದರೆ ಓದಲಿ. ಮಾರ್ಚ್ ಮೂರನೇ ತಾರೀಕು ಮಂಗಳವಾರ ಚಂದ್ರಗ್ರಹಣ ಇದೆ. ಮಧ್ಯಾಹ್ನವೇ ಶುರುವಾಗುತ್ತದೆ, ಆದರೆ ಆಗ ಚಂದ್ರ ನಮಗೆ ಇನ್ನೂ ಹುಟ್ಟಿರುವುದಿಲ್ಲ. ಸಂಜೆ ಮೂಡುವಾಗಲೇ ಅಂಚು ಕಚ್ಚಿದ ರೊಟ್ಟಿಯ ಹಾಗೆ ಮೂಡುತ್ತದಂತೆ. ನಾವು ಕತ್ತಲ ಕೋಣೆಯಲ್ಲಿ ಟಾರ್ಚು, ಮೂಸಂಬಿ, ನಿಂಬೆಹಣ್ಣು ಇಟ್ಟುಕೊಂಡು ಮಾಡಿ ನೋಡಿದೆವು. ಮೂಸಂಬಿ ಭೂಮಿ. ಅದರ ನೆರಳು ನಿಂಬೆಹಣ್ಣಿನ ಮೇಲೆ ದುಂಡಗೆ ಬಿತ್ತು. ಯಾವ ಹಾವೂ ಬರಲಿಲ್ಲ.

ಎರಡನೇ ಪ್ರಯೋಗ ಒತ್ತಡದ್ದು. ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ಇದೆಯಲ್ಲ, ಅದನ್ನು ಜೋಕಾಲಿಯ ಹಾಗೆ ಇಳಿಬಿಟ್ಟು ಕುಂಕುಮದ ನೀರು ತುಂಬು. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಂದು ತುದಿಯಲ್ಲಿ ಊದು, ಇನ್ನೊಂದು ಕಡೆ ನೀರು ಏರುತ್ತದೆ. ನಿನ್ನ ಉಸಿರು ಎಷ್ಟು ಎತ್ತರದ ನೀರನ್ನು ಹೊರುತ್ತದೆಯೋ ಅದೇ ನಿನ್ನ ಉಸಿರಿನ ಒತ್ತಡ. ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ನೋಡುವುದೂ ಇದೇ ಲೆಕ್ಕವಂತೆ, ನೀರಿನ ಬದಲು ಪಾದರಸ. ನೀನು ತಿಂಗಳು ತಿಂಗಳು ತೋರಿಸಲು ಹೋಗುತ್ತೀಯಲ್ಲ, ನಿನ್ನದು ಎಷ್ಟು ಎಂದು ಬರೆದು ಕಳಿಸು. ನಿನ್ನ ರಕ್ತ ಎಷ್ಟು ಎತ್ತರದ ನೀರು ಹೊರುತ್ತದೆ ಎಂದು ಬೋರ್ಡಿನ ಮೇಲೆ ಲೆಕ್ಕ ಹಾಕಿ ಎಲ್ಲರಿಗೂ ತೋರಿಸುತ್ತೇನೆ.

ಗಗನ


ಆತಗೂರು
10 ಫೆಬ್ರವರಿ 2026

ಗಗನಾ,

ಪೈಪಿನ ಪ್ರಯೋಗ ಮಾಡಿದೆ. ಕಿಟಕಿ ಸರಳಿಗೆ ಕಟ್ಟಿ ಊದಿದೆ. ನೀರು ಒಂದು ಗೇಣು ಏರುವಷ್ಟರಲ್ಲಿ ತಲೆ ಧಿಂ ಎಂದಿತು, ಕೂತುಬಿಟ್ಟೆ. ಭಾವ ಊದಿದಾಗ ನೀರು ಆ ತುದಿಯಿಂದ ಚಿಮ್ಮಿ ಅವರ ಬಿಳಿ ಷರಟು ಹಾಳಾಯಿತು. ಹಾಲಿನ ವ್ಯಾನು ಓಡಿಸುವವರಿಗೆ ಬಿಳಿ ಷರಟು ಯಾಕೆ ಎಂದು ಕೇಳಿ ಬೈಸಿಕೊಂಡೆ.

ನನ್ನ ಒತ್ತಡ ಕೇಳಿದ್ದೆಯಲ್ಲ. ಮೊನ್ನೆ ನರ್ಸಮ್ಮ ಬಂದಿದ್ದರು. ನೂರ ಐವತ್ತು, ಕೆಳಗೆ ನೂರು. ಬೋರ್ಡಿನ ಮೇಲೆ ಬರೆದುಕೊ. ಸ್ವಲ್ಪ ಜಾಸ್ತಿ, ಉಪ್ಪು ಬಿಡು, ದೊಡ್ಡಾಸ್ಪತ್ರೆಗೆ ಹೋಗಿ ಬಾ ಎಂದರು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಅತ್ತೆ ಹೇಳುತ್ತಾರೆ. ಕಾಲು ಊದಿದೆ, ನನ್ನ ಚಪ್ಪಲಿ ಹಿಡಿಯುತ್ತಿಲ್ಲ, ಭಾವನ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದೇನೆ. ಬೀದಿಯಲ್ಲಿ ಯಾರೋ ಬರುತ್ತಿದ್ದಾರೆ ಎಂದು ನೋಡಿದರೆ ನಾನೇ ಬರುತ್ತಿರುತ್ತೇನೆ.

ಗ್ರಹಣದ ದಿನ ನಾನು ಕೋಣೆಯಿಂದ ಹೊರಗೆ ಕಾಲಿಡುವಂತಿಲ್ಲ ಎಂದು ಈಗಲೇ ತೀರ್ಮಾನವಾಗಿದೆ. ನೀನು ತಾರೀಕು ಬರೆದು ಉಪಕಾರ ಮಾಡಿದೆ. ಇನ್ನು ಸಾಕು. ಬೇರೆ ಯಾವುದಾದರೂ ಪ್ರಯೋಗ ಬರಿ, ಕನ್ನಡಿ, ಅಯಸ್ಕಾಂತ, ಏನಾದರೂ.

ಅರ್ಪಿತ


ಹಾಸ್ಟೆಲ್, ಮಳವಳ್ಳಿ
16 ಫೆಬ್ರವರಿ 2026

ಅಕ್ಕಾ,

ಇವತ್ತು ಬೋರ್ಡಿನ ಮೇಲೆ ನಿನ್ನ ಲೆಕ್ಕ ಹಾಕಿದೆ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಎಲ್ಲರದೂ ಸುಮಾರು ನೂರ ಇಪ್ಪತ್ತು ಇರುತ್ತದೆ, ಅಂದರೆ ಹೆಚ್ಚುಕಡಿಮೆ ನಿನ್ನಷ್ಟೇ ಎತ್ತರದ ನೀರು. ನಿನ್ನದು ಎರಡು ಮೀಟರ್ ದಾಟುತ್ತದೆ. ಲ್ಯಾಬಿನ ಬಾಗಿಲ ಪಕ್ಕ ಪೈಪು ಕಟ್ಟಿ ಗುರುತು ಮಾಡಿದೆ, ಚೌಕಟ್ಟಿನ ತಲೆಗೆ ಮುಟ್ಟಿತು. ನಮ್ಮಕ್ಕ ಎಲ್ಲರ ಅಕ್ಕಂದಿರಿಗಿಂತ ಜೋರು ಎಂದೆ. ಎಲ್ಲರೂ ನಕ್ಕರು. ಮಿಸ್ ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, "ಎಷ್ಟನೇ ತಿಂಗಳು?" ಅಂದರು. ಕಾಲು ಊದಿದೆಯಾ ಅಂದರು. ತಲೆನೋವು ಇದೆಯಾ ಅಂದರು. ನನ್ನನ್ನು ಹೊರಗೆ ಕರೆದುಕೊಂಡು ಹೋದರು.

ಅಕ್ಕ, ಇದು ತಮಾಷೆಯ ನಂಬರ್ ಅಲ್ಲವಂತೆ. ಇದು ಏರಿದರೆ ಫಿಟ್ಸ್ ಬರಬಹುದು, ಮಗುವಿಗೂ ನಿನಗೂ ಅಪಾಯವಂತೆ. ನಾನು ಅದನ್ನು ಬಾಗಿಲ ಪಕ್ಕ ಕಟ್ಟಿ ನಗುತ್ತಿದ್ದೆ. ಈಗ ಆ ಬಾಗಿಲ ಹತ್ತಿರ ಹೋಗಲು ಆಗುತ್ತಿಲ್ಲ.

ನಿನ್ನೆ ಫೋನ್ ಮಾಡಿದಾಗ ನಿಮ್ಮತ್ತೆ ಎತ್ತಿ "ಮಲಗವ್ಳೆ" ಎಂದು ಇಟ್ಟುಬಿಟ್ಟರು. ಹಗಲು ಹೊತ್ತಿನಲ್ಲಿ ನೀನು ಯಾಕೆ ಮಲಗಿದ್ದೆ? ಇವತ್ತು ಮಿಸ್ಸೇ ಭಾವನಿಗೆ ಫೋನ್ ಮಾಡಿ ಮಾತಾಡಿದ್ದಾರೆ. ಭಾವ "ಆಯ್ತು ಮೇಡಂ" ಅಂದರಂತೆ. ಅವರು ಎಲ್ಲದಕ್ಕೂ ಹಾಗೇ ಅನ್ನುತ್ತಾರೆ.

ಭಾವ, ಇದನ್ನು ಗಟ್ಟಿಯಾಗಿ ಓದುತ್ತಿದ್ದರೆ ಇನ್ನೂ ಗಟ್ಟಿಯಾಗಿ ಓದಿ. ಒನಕೆ ನಂಬುವವರ ಕೈಗೆ ನಮ್ಮಕ್ಕನನ್ನು ಕೊಟ್ಟು ಕೂತಿದ್ದೇವೆ. ಒಂದು ಮಗು ಹೋದ ಮೇಲೂ ಆ ಮನೆಯಲ್ಲಿ ಯಾರಿಗೂ ಬುದ್ಧಿ ಬಂದಿಲ್ಲ.

ಗಗನ


ಆತಗೂರು
22 ಫೆಬ್ರವರಿ 2026

ಗಗನಾ,

ಭಾವ ಓದಿದರು, ಗಟ್ಟಿಯಾಗಿಯೇ ಓದಿದರು. ಕೊನೆಯ ಸಾಲಿಗೆ ಬಂದಾಗ ನಿಲ್ಲಿಸಬೇಕು ಎಂದು ಅವರಿಗೆ ಹೊಳೆಯಲಿಲ್ಲ. ಅತ್ತೆ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟು ಎದ್ದು ಹೋದರು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಗುರುವಾರ ಭಾವ ಮದ್ದೂರಿಗೆ ಕರೆದುಕೊಂಡು ಹೋಗಿ ತೋರಿಸಿದ್ದಾರೆ. ಮಾತ್ರೆ ಕೊಟ್ಟಿದ್ದಾರೆ, ನುಂಗುತ್ತಿದ್ದೇನೆ. ಮೂರನೇ ತಾರೀಕು ಮಂಗಳವಾರ ಮಂಡ್ಯಕ್ಕೆ ಹೋಗಲೇಬೇಕು, ಅಲ್ಲಿ ಸ್ಕ್ಯಾನ್ ಮಾಡಿ ಅಡ್ಮಿಟ್ ಮಾಡುವುದಾ ಎಂದು ನೋಡುತ್ತಾರೆ ಎಂದರು ಡಾಕ್ಟರು. ಮೂರನೇ ತಾರೀಕು ಏನೆಂದು ನಿನಗೆ ಗೊತ್ತು. ನಾನು ಹೋಗುವುದಿಲ್ಲ. ಅತ್ತೆ ಬೇಡ ಎಂದದ್ದಕ್ಕಲ್ಲ, ನಾನೇ ಹೋಗುವುದಿಲ್ಲ.

ಕೇಳಬೇಡ ಎಂದರೂ ನೀನು ಕೇಳುತ್ತಾ ಬಂದೆ. ಈಗ ಕೇಳಿಸಿಕೊ. ಆ ದೀಪಾವಳಿಗೆ ನಾನು ಬಾಣಂತನಕ್ಕೆ ಹಲಗೂರಿಗೆ ಬಂದಿದ್ದೆ. ಅಮ್ಮ ಬಾಗಿಲು ಹಾಕಿಕೊಂಡು ಮಲಗು ಎಂದಿದ್ದರು. ನೀನು ಕಿಟಕಿ ಬಡಿದು, ಅಮ್ಮ ಹಿತ್ತಲಲ್ಲಿದ್ದಾಳೆ ಬಾ ಬಾ ಎಂದೆ. ನನ್ನ ಚಪ್ಪಲಿ ಕಾಲಿಗೆ ಹಿಡಿಯದೆ ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಮಹಡಿ ಹತ್ತಿದೆ. ಗೋಡೆಯ ಮೇಲೆ ಅಂಚು ಕಚ್ಚಿದ ಸೂರ್ಯನನ್ನು ನೋಡಿದೆ. ಚೆನ್ನಾಗಿತ್ತು. ನಾನೂ ನಕ್ಕೆ. ಆ ವಾರವೇ ಮಗು ಹೊಟ್ಟೆಯೊಳಗೆ ಓಡಾಡುವುದು ನಿಂತಿತು.

ಈ ಮನೆಯಲ್ಲಿ ಎಲ್ಲರಿಗೂ ಇದು ಗೊತ್ತು. ಅಮ್ಮನಿಗೂ ಗೊತ್ತು. "ನಿನ್ನ ತಂಗಿ ಎಳೆದುಕೊಂಡು ಹೋಗಿ ಮಗು ತಿಂದಳು" ಎಂದು ಅತ್ತೆ ಅಂದದ್ದು ನನ್ನ ಎದುರಿಗೇ. ಗಗನನಿಗೆ ಹೇಳಬೇಡಿ, ಅವಳಿನ್ನೂ ಚಿಕ್ಕವಳು ಎಂದು ಎಲ್ಲರ ಬಾಯಿ ಕಟ್ಟಿದವಳು ನಾನು. ಆದರೆ ಅತ್ತೆಯ ಮಾತನ್ನು ನಾನು ತಳ್ಳಿಹಾಕಲಿಲ್ಲ ಗಗನ. ಭಾರ, ನೆರಳು, ಒತ್ತಡ ಎಲ್ಲ ನನಗೂ ಗೊತ್ತು, ಪರೀಕ್ಷೆಯಲ್ಲಿ ಬರೆದು ಮಾರ್ಕು ತಗೊಂಡಿದ್ದೇನೆ. ಆದರೂ ನಿನ್ನ ಮುಖ ನೋಡಿದಾಗಲೆಲ್ಲ ಆ ಗೋಡೆ ನೆನಪಾಗುತ್ತದೆ. ಅದಕ್ಕೇ ಯಾವ ರಜೆಗೂ ನಿನ್ನನ್ನು ಇಲ್ಲಿಗೆ ಕರೆಯಲಿಲ್ಲ.

ಕಂಡದ್ದನ್ನು ಬರಿ, ತಪ್ಪಾಗಿ ಕಂಡಿದ್ದರೂ ಪರವಾಗಿಲ್ಲ ಎಂದಿದ್ದಾರಲ್ಲ ನಿಮ್ಮ ಮಿಸ್. ನಾನು ಕಂಡದ್ದು ಇಷ್ಟು. ಗ್ರಹಣ ನೋಡಿದೆ, ಮಗು ಹೋಯಿತು. ಇನ್ನೊಂದು ಸಲ ಅದನ್ನು ಮಾಡಿ ನೋಡುವ ಧೈರ್ಯ ನನಗಿಲ್ಲ. ಇನ್ನು ಬರೆಯಬೇಡ.

ಅರ್ಪಿತ


ಹಾಸ್ಟೆಲ್, ಮಳವಳ್ಳಿ
25 ಫೆಬ್ರವರಿ 2026, ಬುಧವಾರ

ದೇವಿರಮ್ಮ ಅತ್ತೆಯವರಿಗೆ,

ಅರ್ಪಿತಕ್ಕನ ತಂಗಿ ಗಗನ ಬರೆಯುವುದು. ಅಕ್ಕ ಬರೆಯಬೇಡ ಎಂದಿದ್ದಾಳೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಭಾವ ಓದಿ ಹೇಳಲಿ. ಅಕ್ಕ ಪಕ್ಕದಲ್ಲಿದ್ದರೂ ಇರಲಿ.

ಹಿಂದಿನ ಕಾಗದದಲ್ಲಿ ನಿಮ್ಮನ್ನು ಅಂದದ್ದು ತಪ್ಪು. ನನ್ನ ಬಾಯಿ ಹಾಗೆ. ಆ ದಿನದ ವಿಷಯ ನನಗೆ ಈಗ ಗೊತ್ತಾಗಿದೆ. ನಿನ್ನೆ ಅಕ್ಕನ ಕಾಗದ ಓದಿದೆ, ಇವತ್ತು ಕ್ಲಾಸಿಗೆ ಹೋಗಲಿಲ್ಲ. ಆ ಕಿಟಕಿ ಬಡಿದದ್ದು ನನಗೆ ಚೆನ್ನಾಗಿ ನೆನಪಿದೆ. ರಟ್ಟು ಯಾವುದು ಎಂದೂ ನೆನಪಿದೆ, ಅಪ್ಪನ ಹೊಸ ಷರಟಿನೊಳಗಿನದು.

ನಿಮ್ಮನ್ನು ಯಾವುದನ್ನೂ ನಂಬಿ ಎಂದು ಕೇಳುವುದಿಲ್ಲ. ನೀವು ಒನಕೆ ಹಿಡಿದು ನೋಡಿದಿರಿ, ಬಿತ್ತು, ನನ್ನ ಕೈಲಿ ನಿಲ್ಲಲಿಲ್ಲ ಅಂದಿರಿ. ಕಂಡದ್ದನ್ನೇ ಹೇಳಿದಿರಿ. ಈಗಲೂ ಕಂಡದ್ದು ಒಂದೇ ಒಂದು ಬೇಕು.

ಅಕ್ಕ ಬರೆದಿದ್ದಾಳೆ, ಅವತ್ತು ಗ್ರಹಣ ನೋಡಲು ಹತ್ತುವಾಗ ಅವಳ ಚಪ್ಪಲಿ ಹಿಡಿಯುತ್ತಿರಲಿಲ್ಲ, ಅಪ್ಪನದು ಮೆಟ್ಟಿಕೊಂಡಿದ್ದಳಂತೆ. ಅಂದರೆ ನೋಡುವುದಕ್ಕೆ ಮುಂಚೆಯೇ ಕಾಲು ಊದಿತ್ತು. ಈಗಲೂ ಊದಿದೆ, ಈಗ ಒತ್ತಡ ಜಾಸ್ತಿ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಆಗ ಯಾರೂ ಅಳತೆ ನೋಡಿಸಿರಲಿಲ್ಲ. ಆದರೆ ಇದು ಅಕ್ಕನ ಒಂದೇ ಮಾತು, ಅದೂ ಒಂದೇ ದಿನದ್ದು. ಅದಕ್ಕಿಂತ ಮುಂಚೆ ಅವಳು ನಿಮ್ಮ ಮನೆಯಲ್ಲಿದ್ದಳು. ಸೀಮಂತ ಮಾಡಿ ಹಲಗೂರಿಗೆ ಕಳಿಸಿಕೊಟ್ಟವರು ನೀವು. ಅವಳ ಕೈಕಾಲನ್ನು ನೋಡಿದವರು, ಮುಟ್ಟಿದವರು ನೀವು. ಆಗ ಊದಿತ್ತೋ ಇಲ್ಲವೋ?

ಇಲ್ಲ ಎಂದು ನಿಮಗೆ ನೆನಪಿದ್ದರೆ ಇಲ್ಲ ಎಂದೇ ಹೇಳಿ. ಆಗ ನನ್ನಿಂದಲೇ ಆದದ್ದು ಎಂದು ಒಪ್ಪುತ್ತೇನೆ, ನಿಮ್ಮ ಹೊಸಿಲಿಗೆ ಯಾವತ್ತೂ ಬರುವುದಿಲ್ಲ. ಹೌದು ಎಂದಾದರೆ ಮಂಗಳವಾರ ಅವಳನ್ನು ಕೋಣೆಯಲ್ಲಿ ಕೂಡಿಹಾಕಬೇಡಿ. ಈ ಪ್ರಶ್ನೆಯನ್ನು ಮಿಸ್ಸಿಗೂ ತೋರಿಸಿಲ್ಲ. ಇದಕ್ಕೆ ಮಾರ್ಕು ಬೇಡ.

ಗಗನ


ಹಾಸ್ಟೆಲ್, ಮಳವಳ್ಳಿ
3 ಮಾರ್ಚ್ 2026, ಮಂಗಳವಾರ ಸಂಜೆ

ಅಕ್ಕಾ,

ನನ್ನ ಕಾಗದ ತಲುಪಿತೋ ಇಲ್ಲವೋ ಗೊತ್ತಿಲ್ಲ. ಅತ್ತೆಯಿಂದ ಮಾತಿಲ್ಲ, ನಿನ್ನಿಂದಲೂ ಇಲ್ಲ. ಮಧ್ಯಾಹ್ನದಿಂದ ಮಿಸ್ ಭಾವನ ನಂಬರಿಗೆ ಮಾಡುತ್ತಲೇ ಇದ್ದಾರೆ, ಸ್ವಿಚ್ ಆಫ್. ಅಮ್ಮನ ಫೋನಿಗೆ ಮಾಡಿದರೆ, ಗ್ರಹಣ ಬಿಡಲಿ ಆಮೇಲೆ ವಿಚಾರಿಸುತ್ತೇನೆ ಎಂದರಂತೆ.

ನಮ್ಮನ್ನೆಲ್ಲ ಮಹಡಿಯ ಮೇಲೆ ಕೂರಿಸಿದ್ದರು. ಮೊದಲು ಮೋಡ ಎಂದುಕೊಂಡೆವು. ಆಮೇಲೆ ಕಬ್ಬಿನ ಗದ್ದೆಯ ಮೇಲೆ ಕೆಂಪಗೆ, ಎಡವಟ್ಟಾಗಿ, ಒಂದು ಕಡೆ ಇಲ್ಲದ ಚಂದ್ರ ಬಂತು. ಎಲ್ಲರೂ ಓ ಎಂದು ಕೂಗಿದರು. ಸಂತೋಷ್ ದೂರದರ್ಶಕ ನನ್ನ ಕೈಗೆ ಕೊಟ್ಟ. ನಾನು ಅದನ್ನು ಕಣ್ಣಿಗೆ ಹಿಡಿಯಲಿಲ್ಲ. ಅದು ನೆರಳು, ನಮ್ಮದೇ ಭೂಮಿಯ ನೆರಳು ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಹಿಡಿಯಲಿಲ್ಲ. ನೀನು ಹೆದರಿದ್ದಕ್ಕೆ ನಾನು ಬೈದಿದ್ದೆ.

ನೀನು ಆಸ್ಪತ್ರೆಯಲ್ಲಿದ್ದೀಯೋ, ಕೋಣೆಯಲ್ಲಿದ್ದೀಯೋ? ಇಷ್ಟು ಮಾತ್ರ ಯಾರಾದರೂ ಹೇಳಿದರೆ ಸಾಕು.

ಗಗನ


ಮಂಡ್ಯ, ಆಸ್ಪತ್ರೆ
5 ಮಾರ್ಚ್ 2026

(ಗಗನ, ನಾನು ನಿಮ್ಮ ಭಾವ ಯತೀಶ್. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ, ತಿದ್ದಬಾರದಂತೆ. ಬರೆಯುತ್ತಿದ್ದೇನೆ.)

ಗಗನವ್ವಾ,

ನಿಮ್ಮಕ್ಕ ಅವ್ಳೆ. ಮಗಾನೂ ಅದೆ, ಎಣ್ಣು. ಮೊದ್ಲು ಇಷ್ಟ ಓದ್ಕೊ, ಆಮ್ಯಾಕೆ ಮಿಕ್ಕಿದ್ದು. ಯತೀಸ ನಿಮ್ಮ ಮಿಸ್ಸಿಗೆ ಪೋನಲ್ಲೂ ಯೋಳವ್ನೆ. ಆದ್ರೂ ನೀನು ನನ್ನ ಕೇಳಿದ್ದೆ, ನಾನೇ ಯೋಳ್ಬೇಕು.

ನಿನ್ನ ಕಾಗ್ದ ಸೋಮವಾರ ಬಂತು. ಯತೀಸ ಓದ್ದ. ಅರ್ಪಿತ ನನ್ನ ಮುಕನೇ ನೋಡ್ತಿದ್ಲು, ನಾನು ಎದ್ದು ಕೊಟ್ಟಿಗೇಲಿ ಅಸಕ್ಕೆ ನೀರಿಡಾಕೆ ಓದೆ.

ಮಂಗಳವಾರ ಬೆಳಗ್ಗೆ ಆಸ್ಪತ್ರೆಗೆ ಓಗ್ನಿಲ್ಲ. ಅವ್ಳೂ ಬ್ಯಾಡ ಅಂದ್ಲು, ನಾನೂ ಸುಮ್ಕಿದ್ದೆ. ಮದ್ಯಾನ ತಟ್ಟೇಲಿ ನೀರಾಕಿ ಒನ್ಕೆ ಮಡಗ್ದೆ. ಈ ಸಲ ನನ್ನ ಕೈಲೇ ನಿಂತ್ಕತು. ಒಸಿ ಸಮಾದಾನವಾಗಿ ಇಡ್ದೆ ಅಷ್ಟೇಯ. ಇನ್ನ ಬೀಳೋಗಂಟ ಬಾಗ್ಲು ತೆಗೆಯಂಗಿಲ್ಲ ಅಂತ ಕುಂತ್ಕಂಡ್ವಿ. ಒಸಿ ಒತ್ತಾದ ಮ್ಯಾಕೆ ಒಳಗಡೆಯಿಂದ ಅರ್ಪಿತ, "ಅತ್ತೆ, ತಲೆ ಸಿಡೀತದೆ, ಕಣ್ಮುಂದೆ ಮಿಣುಕು ಉಳ ಆರ್ದಂಗಾಯ್ತದೆ" ಅಂದ್ಲು. ಯತೀಸ ಗಡಿಯಾರ ನೋಡ್ದ, ಒನ್ಕೆ ನೋಡ್ದ. "ಇನ್ನೊಸಿ ತಡ್ಕೊ, ಬೀಳ್ಳಿ" ಅಂದ. ನನ್ನ ಮಗ ಕಣವ್ವ ಅವ್ನು. ನಾನು ಯೋಳ್ಕೊಟ್ಟಿದ್ನೇ ಯೋಳ್ದ. (ಹೌದು, ಹೇಳಿದೆ. ಯತೀಶ್.)

ನಾನೇ ಎದ್ದೋಗಿ ಒನ್ಕೆ ಒದ್ದೆ. ತಟ್ಟೆ ಸಮೇತ ಒಂಟೋಯ್ತು. ಬಿತ್ತು ಕಣ್ಲಾ, ವ್ಯಾನು ತೆಗಿ ಅಂದೆ.

ಆಲಿನ ಕ್ಯಾನು ಸರ್ಸಿ ಅವ್ಳ ಮಲಗಿಸ್ಕಂಡು ಒಂಟ್ವಿ. ಶಿವಪುರ ದಾಟಿದ ಮ್ಯಾಕೆ ಇಂದ್ಗಡೆ ಬಾಗ್ಲಲ್ಲಿ ಚಂದ್ರ ಕಾಣ್ತು, ಕಚ್ಚಿದಂಗಿತ್ತು. ಸುಳ್ಯಾಕೆ ಯೋಳ್ಲಿ, ಅರ್ಪಿತನ ಒಟ್ಟೆ ಮ್ಯಾಲೆ ಸೆರಗ ಒದ್ದಿಸ್ದೆ. ನಾನು ಮಾತ್ರ ಕಣ್ಣು ಕೀಳ್ದೆ ನೋಡ್ದೆ. ಅರವತ್ತು ವರ್ಸಕ್ಕೆ ಅದೇ ಮೊದ್ಲು. ಮಂಡ್ಯ ಬರೋ ಒತ್ಗೆ ಅವ್ಳು ನಡುಗ್ತಾ ಇದ್ಲು, ಅಲ್ಲು ಕಚ್ಕಂಡಿದ್ಲು. ಡಾಕ್ಟ್ರಮ್ಮ ನನ್ನ ಬಯ್ದ್ಲು, ಬಯ್ಸ್ಕಂಡೆ. ಒಟ್ಟೆ ಕುಯ್ದು ಮಗ ತೆಗುದ್ರು. ಮಗ ಒಂದು ಕೈಲಿ ಇಡ್ಯಷ್ಟೇ ಅದೆ, ಗಾಜಿನ ಪೆಟ್ಗೇಲಿ ಮಡಗವ್ರೆ. ಉಸ್ರು ತಾನಾಗೇ ಆಡ್ತದೆ ಅಂದ್ರು. ಅರ್ಪಿತ ನಿನ್ನೆ ಸಂಜೆ ಕಣ್ಬುಟ್ಲು. ನಿನ್ನ ಎಸರೆತ್ತಿ ಅತ್ಲು.

ಈಗ ನೀನು ಕೇಳಿದ್ದಕ್ಕೆ ಬತ್ತೀನಿ.

ಸೀಮಂತದ ದಿನ ಬಳೆಗಾತಿ ಬಳೆ ತೊಡ್ಸಾಕೆ ಬಂದಿದ್ಲು. ಅರ್ಪಿತನ ಅಳತೆ ಬಳೆ ಅವ್ಳ ಕೈಗೇ ಓಗ್ನಿಲ್ಲ. "ಯಜಮಾನ್ರಮ್ಮ, ಈ ಉಡ್ಗೀಗೆ ಕೈ ಊದದೆ, ದೊಡ್ಡದು ತತ್ತೀನಿ" ಅಂದ್ಲು. ನಾನು ಬ್ಯಾಡ ಅಂದೆ. ನಮ್ಮನೆ ಊಟ ಉಂಡು ಮೈ ಬಂದದೆ ಅಂತ ನಾಕು ಜನದ ಮುಂದೆ ನಗಾಡ್ದೆ. ಸೋಪಾಕಿ, ನಾನೇ ಅವ್ಳ ಕೈ ಇಂಡಿ ತಳ್ದೆ. ಎಲ್ಡು ಬಳೆ ಒಡೆದೋದ್ವು. ಗ್ರಾಣ ಆಗ ಇನ್ನೂ ಎಲ್ಲಿತ್ತೋ. ನಿನ್ನ ಕಾಗ್ದ ಓದ್ದಾಗ್ಲೇ ನಂಗೆ ಇದು ನೆಪ್ಪಾಯ್ತು. ಅದ್ಕೇ ಅಸಕ್ಕೆ ನೀರಿಡಾಕೆ ಓದೆ. ಆ ಕಾಗ್ದ ಬಂದ ಗಳಿಗೇಲೇ ಬಾಯ್ಬುಟ್ಟು ಯೋಳಿದ್ರೆ ಬೆಳಗ್ಗೇನೇ ಆಸ್ಪತ್ರೆ ಸೇರ್ತಿದ್ವಿ.

ಊದಿತ್ತು ಕಣವ್ವ. ಮೊದ್ಲೇ ಊದಿತ್ತು. ನನ್ನ ಕೈಯಾರ ಮುಟ್ಟಿವ್ನಿ.

ಮೂರು ವರ್ಸದಿಂದ ಆ ಮಗೀನ ಸಾವ ನಿನ್ನ ತಲೆ ಮ್ಯಾಲೆ ಒರಿಸಿದ್ದೆ. ಇವತ್ತು ಇಳ್ಸಿವ್ನಿ. ಇಳ್ಸಿ ಕೈಯಲ್ಲೇ ಇಡ್ಕಂಡು ಕುಂತಿವ್ನಿ. ಎಲ್ಲಿ ಮಡಗ್ಲಿ ಅಂತ ನಂಗೆ ತಿಳೀತಿಲ್ಲ. ನಿಮ್ಮ ಮಿಸ್ಸ ಕೇಳಿ ಬರಿ.

ಹೇಳಿದವರು ದೇವಿರಮ್ಮ